ಮುಟ್ಟಿದ ಕುದುರೆ

ನಾಲ್ಕು ಗಂಟೆಗೆ ಕೊನೆಯ ಬೆಲ್ ಹೊಡೆದು, ಮಕ್ಕಳೆಲ್ಲ ಗೇಟಿನಿಂದ ಹೊರಗೆ ನುಗ್ಗಿ, ಎದ್ದ ಧೂಳು ಇಳಿಯುವ ಹೊತ್ತಿಗೆ ಶಾಲೆಯ ಜಗಲಿಯ ಮೇಲೆ ಇಪ್ಪತ್ತೋ ಇಪ್ಪತ್ತೆರಡೋ ಮಕ್ಕಳು ಮಿಕ್ಕಿರುತ್ತಿದ್ದರು. ನೂಲಿನ ಮಿಲ್ಲಿನಲ್ಲಿ, ಆಸ್ಪತ್ರೆಯಲ್ಲಿ, ಬಟ್ಟೆ ಅಂಗಡಿಗಳಲ್ಲಿ ದುಡಿಯುವವರ ಮಕ್ಕಳು. ಮನೆಯವರು ಬಂದು ಕರೆದುಕೊಂಡು ಹೋಗುವಾಗ ಆರು ಗಂಟೆ, ಒಮ್ಮೊಮ್ಮೆ ಆರೂವರೆ. ಕೊನೆಯ ಮಗು ಹೋಗುವ ತನಕ ಶಾಲೆಗೆ ಬೀಗ ಹಾಕುವಂತಿರಲಿಲ್ಲ. ಬೀಗದ ಕೈ ಇದ್ದದ್ದು ಆಯಮ್ಮನ ಹತ್ತಿರ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಕಸ ಗುಡಿಸಿ, ನೀರಿನ ಡ್ರಮ್ಮು ತುಂಬಿಸಿ, ದಿನವಿಡೀ ಬೆಲ್ ಹೊಡೆದು, ಬಿದ್ದವರ ಮಂಡಿಗೆ ಔಷಧಿ ಹಚ್ಚಿ, ಸಂಜೆ ಎಲ್ಲರಿಗಿಂತ ಕೊನೆಗೆ ಹೋಗುವವಳು ಅವಳು.

ಆ ಎರಡು ಗಂಟೆಯಲ್ಲಿ ಮಕ್ಕಳು ಮಾಡದ ಕಿತಾಪತಿ ಇರಲಿಲ್ಲ. ಬ್ಯಾಗಿನಿಂದ ಬ್ಯಾಗಿಗೆ ಹೊಡೆದಾಟ, ನೀರಿನ ನಲ್ಲಿಯ ಕೆಳಗೆ ಜಾರಾಟ, ಯಾರೋ ಯಾರ ಜುಟ್ಟನ್ನೋ ಎಳೆದು ಅತ್ತು ಕರೆದು ರಂಪ. ಒಂದು ದಿನ ಹೆಡ್ ಮಿಸ್ಸಿನ ಕೋಣೆಯ ಕಿಟಕಿಯ ಗಾಜು ಒಡೆಯಿತು. ಮರುದಿನ ಬೆಳಿಗ್ಗೆ ಬೈಸಿಕೊಂಡದ್ದು ಆಯಮ್ಮ. ಅವಳು ಎಲ್ಲ ಕೇಳಿಸಿಕೊಂಡು, ಕೊನೆಗೆ, ಆಟದ ಸಾಮಾನಿನ ಕಪಾಟಿನ ಕೀಲಿ ಸಂಜೆ ಹೊತ್ತು ನನ್ನ ಹತ್ತಿರ ಇರಲಿ ಎಂದು ಕೇಳಿದಳು. ಯಾಕೆ ಎಂದು ಕೇಳುವಷ್ಟು ಪುರುಸೊತ್ತು ಹೆಡ್ ಮಿಸ್ಸಿಗೆ ಇರಲಿಲ್ಲ. ಕೊಟ್ಟರು.

ಆ ಕಪಾಟನ್ನು ಒರೆಸಿ ಒರೆಸಿ ಅದರೊಳಗೆ ಏನೇನಿದೆ ಎಂದು ಅವಳಿಗೆ ಬಾಯಿಪಾಠವಾಗಿತ್ತು. ಗಾಳಿ ಹೋದ ಎರಡು ಚೆಂಡು, ಒಂದು ಹಗ್ಗ, ಕೆಳಗಿನ ಅರೆಯಲ್ಲಿ ಮೂರು ಚೆಸ್ ಪೆಟ್ಟಿಗೆ. ಯಾರೋ ಯಾವ ಕಾಲದಲ್ಲೋ ಶಾಲೆಗೆ ಕೊಟ್ಟದ್ದು, ಸುತ್ತಿದ ಪ್ಲಾಸ್ಟಿಕ್ ಕೂಡ ಹರಿದಿರಲಿಲ್ಲ. ಅವತ್ತು ಸಂಜೆ ಆಯಮ್ಮ ಅದನ್ನು ಹಲ್ಲಿನಿಂದ ಹರಿದು, ಜಗಲಿಯ ಮೇಲೆ ಮೂರು ಬೋರ್ಡು ಹಾಸಿ, ಕಾಯಿಗಳನ್ನು ಒಂದೊಂದಾಗಿ ಇಟ್ಟಳು. ಮಕ್ಕಳು ಸುತ್ತ ಮುತ್ತಿಕೊಂಡರು. ಇವರಿಗೆ ಇದೆಲ್ಲ ಗೊತ್ತಾ ಎಂದು ಒಬ್ಬ ಇನ್ನೊಬ್ಬನ ಕಿವಿಯಲ್ಲಿ ಕೇಳಿದ. ಗೊತ್ತು ಎಂದು ಆಯಮ್ಮ ತಲೆಯೆತ್ತದೆ ಹೇಳಿದಳು.

ಗೊತ್ತಿದ್ದದ್ದು ಅಣ್ಣನಿಂದ. ಅವಳಿಗೆ ಎಂಟು ವರ್ಷವಿದ್ದಾಗ, ಹದಿಮೂರರ ಅಣ್ಣ ಗೋಡೆಯ ಮೇಲಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡು ಎಂಟು ತಿಂಗಳು ಮಂಚ ಹಿಡಿದಿದ್ದ. ಅಪ್ಪ ಕೆಲಸ ಮಾಡುತ್ತಿದ್ದ ವಸತಿಗೃಹದಲ್ಲಿ ಯಾರೋ ಬಿಟ್ಟುಹೋಗಿದ್ದ ಚೆಸ್ ಪೆಟ್ಟಿಗೆ, ಜೊತೆಗೆ ಒಂದು ಪುಸ್ತಕ ಅವನ ಕೈಗೆ ಬಂತು. ಪುಸ್ತಕ ಓದಿ ಆಟ ಕಲಿತ, ಆದರೆ ಎದುರಿಗೆ ಕೂರಲು ಯಾರಾದರೂ ಬೇಕಲ್ಲ. ಗೆಳೆಯರೆಲ್ಲ ಬೀದಿಯಲ್ಲಿ. ಹಾಗಾಗಿ ತಂಗಿಗೆ ಕಲಿಸಿದ. ಕಲಿಸಿದ ಎನ್ನುವುದಕ್ಕಿಂತ, ಸೋಲಿಸಲು ಒಬ್ಬಳನ್ನು ತಯಾರು ಮಾಡಿಕೊಂಡ ಎನ್ನಬೇಕು. ಮುಟ್ಟಿದ ಕಾಯಿಯನ್ನೇ ನಡೆಸಬೇಕು ಎಂಬುದರಲ್ಲಿ ಅಣ್ಣ ಜಪ್ಪಯ್ಯ ಎಂದರೂ ಸಡಿಲ ಬಿಡುತ್ತಿರಲಿಲ್ಲ. ಅವಳ ಬೆರಳು ಮಂತ್ರಿಯ ತಲೆ ಸೋಕಿದರೂ ಸಾಕು, ಮಂತ್ರಿಯನ್ನೇ ನಡೆಸಬೇಕು, ನಡೆಸಿ ಕಳೆದುಕೊಳ್ಳಬೇಕು, ಅಳಬೇಕು. ಮಂಚದಿಂದ ಎದ್ದ ಮೇಲೂ ಆಟ ನಿಲ್ಲಲಿಲ್ಲ. ಎರಡು ವರ್ಷದ ಮೇಲೆ ಮೊದಲ ಸಲ ಅವಳು ಗೆದ್ದಾಗ ಅಣ್ಣ ಒಂದು ದಿನವಿಡೀ ಮಾತಾಡಲಿಲ್ಲ. ಮರುದಿನ ಪಕ್ಕದ ಮನೆಯವರ ಹತ್ತಿರ, ನಮ್ಮ ಪುಟ್ಟಿ ನನ್ನನ್ನೇ ಸೋಲಿಸಿಬಿಟ್ಟಳು ಎಂದು ಹೇಳಿಕೊಳ್ಳುವುದು ಅವಳ ಕಿವಿಗೆ ಬಿತ್ತು.

ಏಳನೇ ತರಗತಿ ಮುಗಿದ ಮೇಲೆ ಅಮ್ಮನಿಗೆ ಕಾಯಿಲೆ ಬಂದು ಅವಳ ಓದು ನಿಂತಿತು. ಮಿಲ್ಲಿನಲ್ಲಿ ಇಪ್ಪತ್ತು ವರ್ಷ ನೂಲು ಸುತ್ತಿದಳು. ಬಸ್ ಕಂಡಕ್ಟರ್ ಒಬ್ಬನನ್ನು ಮದುವೆಯಾದಳು. ಮಿಲ್ಲಿನ ಧೂಳಿಗೆ ಕೆಮ್ಮು ಹತ್ತಿಕೊಂಡಾಗ ಈ ಶಾಲೆಯ ಕೆಲಸ ಸಿಕ್ಕಿತು. ಇಷ್ಟು ವರ್ಷದಲ್ಲಿ ಚೆಸ್ ಆಡಿದ್ದು ಅಣ್ಣನ ವಾಚ್ ರಿಪೇರಿ ಅಂಗಡಿಗೆ ಹೋದಾಗ ಮಾತ್ರ. ಗಂಡನಿಗೆ ಕಲಿಸಲು ಒಮ್ಮೆ ನೋಡಿದ್ದಳು. ಅವನು ಹತ್ತು ನಿಮಿಷಕ್ಕೇ ಆಕಳಿಸಿ, ಈ ಕುದುರೆಗೆ ನೆಟ್ಟಗೆ ನಡೆಯೋಕೆ ಬರಲ್ವಾ ಎಂದು ಕೇಳಿ ಎದ್ದುಹೋಗಿದ್ದ.

ಮಕ್ಕಳು ಆಕಳಿಸಲಿಲ್ಲ. ಒಂದು ತಿಂಗಳಲ್ಲಿ ಜಗಲಿಯ ಗಲಾಟೆ ಪಿಸುಮಾತಿಗೆ ಇಳಿಯಿತು. ಮೂರು ಬೋರ್ಡಿಗೆ ಆರು ಜನ, ಮಿಕ್ಕವರಿಗೆ ಏನು ಮಾಡುವುದು? ಕೆಂಪು ನೆಲದ ಮೇಲೆ ಸೀಮೆಸುಣ್ಣದಲ್ಲಿ ಅರವತ್ತನಾಲ್ಕು ಮನೆ ಬರೆದು, ಸೋಡಾ ಬಾಟಲಿಯ ಮುಚ್ಚಳಗಳ ಮೇಲೆ ರಾ, ಮಂ, ಆ, ಕು, ಒಂ ಎಂದು ಬರೆದಳು. ಏನೂ ಬರೆಯದ ಮುಚ್ಚಳವೇ ಸಿಪಾಯಿ. ಮಕ್ಕಳ ಕೈ ಸುಮ್ಮನಿರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅದಕ್ಕೊಂದು ಉಪಾಯ ಹೂಡಿದಳು. ಆಡುವಾಗ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರಬೇಕು. ನಡೆ ಯಾವುದು ಎಂದು ಮನಸ್ಸಿನಲ್ಲಿ ಗಟ್ಟಿಯಾದ ಮೇಲಷ್ಟೇ ಒಂದು ಕೈ ಹೊರಗೆ ಬರಬೇಕು. ಇಪ್ಪತ್ತು ಮಕ್ಕಳು ತಮ್ಮ ಕೈಗಳ ಮೇಲೆ ತಾವೇ ಕೂತು ಬೋರ್ಡನ್ನು ದಿಟ್ಟಿಸುವುದನ್ನು ಮೊದಲ ಸಲ ನೋಡಿದ ಲೆಕ್ಕದ ಮೇಷ್ಟ್ರು, ಇವರಿಗೇನು ಶಿಕ್ಷೆ ಕೊಟ್ಟಿದ್ದೀರಿ ಎಂದು ಗಾಬರಿಯಾಗಿ ಕೇಳಿದ್ದರು.

ಅದೇ ಮೇಷ್ಟ್ರು ವಿಷಯವನ್ನು ಹೆಡ್ ಮಿಸ್ಸಿಗೆ ಮುಟ್ಟಿಸಿದರು. ಅದಕ್ಕೊಂದು ಹೆಸರು ಬಂತು, ಸಂಜೆ ಚೆಸ್ ತರಗತಿ. ಆಯಾ ಒಬ್ಬಳು ಪಾಠ ಹೇಳುತ್ತಾಳೆ ಎಂದು ಕಾಗದದ ಮೇಲೆ ಬರೆಯಲು ಬರುವುದಿಲ್ಲವಾದ್ದರಿಂದ ಮೇಷ್ಟ್ರನ್ನು ಅದರ ಉಸ್ತುವಾರಿ ಮಾಡಿದರು. ಮೇಷ್ಟ್ರಿಗೆ ಆನೆ ಯಾವುದು ಒಂಟೆ ಯಾವುದು ತಿಳಿಯದು. ನಾಚಿಕೆಯಿಂದಲೋ ಏನೋ ಅವರೂ ವಾರಕ್ಕೆರಡು ಸಂಜೆ ಬಂದು ಮೂರನೇ ತರಗತಿಯ ಮಕ್ಕಳ ಜೊತೆ ಕೂತು ಕಲಿಯತೊಡಗಿದರು, ಅಂಗೈ ತೊಡೆಯ ಕೆಳಗಿಟ್ಟುಕೊಂಡು.

ಹೀಗೆ ನಾಲ್ಕು ವರ್ಷ ನಡೆಯಿತು. ನಾಲ್ಕನೆಯ ವರ್ಷದ ಹೊತ್ತಿಗೆ ಜಗಲಿಯ ಮೇಲೆ ಎಲ್ಲರನ್ನೂ ಸೋಲಿಸುವವಳು ಒಬ್ಬಳೇ. ನರ್ಸ್ ಒಬ್ಬರ ಮಗಳು, ಹನ್ನೊಂದು ವರ್ಷ, ಕಡ್ಡಿಯಂಥ ಕೈಕಾಲು. ಅವಳಿಗೆ ದುಡುಕಿ ಎಂದು ಹೆಸರಿಟ್ಟದ್ದು ಆಯಮ್ಮನೇ. ಎದುರಾಳಿ ಕಾಯಿಯ ಮೇಲಿಂದ ಬೆರಳು ತೆಗೆಯುವ ಮೊದಲೇ ಇವಳ ನಡೆ ಆಗಿಬಿಟ್ಟಿರುತ್ತಿತ್ತು. ಬೇರೆ ಮಕ್ಕಳಿಗೆ ಅಂಗೈ ಮೇಲೆ ಕೂರಲು ಒಮ್ಮೆ ಹೇಳಿದರೆ ಇವಳಿಗೆ ಹತ್ತು ಸಲ ಹೇಳಬೇಕು. ಆದರೆ ಆ ದುಡುಕಿನ ಹಿಂದೆ ಇನ್ನೊಬ್ಬರಿಗೆ ಕಾಣದ್ದು ಏನೋ ಅವಳಿಗೆ ಕಾಣುತ್ತಿತ್ತು. ಆಯಮ್ಮನನ್ನೇ ಮೂರಕ್ಕೆ ಎರಡು ಸಲ ಸೋಲಿಸುತ್ತಿದ್ದಳು. ಸೋತಾಗ ಆಯಮ್ಮನಿಗೆ ಒಳಗೊಳಗೇ ಹಿಗ್ಗು. ಮುಖದ ಮೇಲೆ ಮಾತ್ರ ತೋರಿಸಿಕೊಳ್ಳುತ್ತಿರಲಿಲ್ಲ.

ಆ ವರ್ಷ ಊರಿನ ಶಾಲೆಗಳಿಗೆಲ್ಲ ಸೇರಿ ಒಂದು ಪಂದ್ಯಾವಳಿ ಇಟ್ಟರು. ಮೇಷ್ಟ್ರು ಆರು ಮಕ್ಕಳ ಹೆಸರು ಕೊಟ್ಟು ಬಂದರು. ದೊಡ್ಡ ಸಭಾಂಗಣ, ಸಾಲು ಮೇಜು, ಪ್ರತಿ ಮೇಜಿಗೂ ಗಡಿಯಾರ, ಆಡುವವರಿಗೂ ನೋಡುವವರಿಗೂ ನಡುವೆ ಒಂದು ಹಗ್ಗ. ನೋಡುವವರು ಬಾಯಿ ಬಿಡಬಾರದು, ಸನ್ನೆ ಮಾಡಬಾರದು ಎಂದು ತೀರ್ಪುಗಾರರು ಮೈಕಿನಲ್ಲಿ ಮೂರು ಸಲ ಹೇಳಿದರು. ಮೇಷ್ಟ್ರು ಮಿಕ್ಕ ಐದು ಜನರ ಮೇಜಿನ ಕಡೆ ಓಡಾಡಿಕೊಂಡಿದ್ದರು. ಆಯಮ್ಮ ದುಡುಕಿಯ ಮೇಜಿನ ನೇರಕ್ಕೆ, ಹಗ್ಗ ಹಿಡಿದು ನಿಂತಳು.

ಮಧ್ಯಾಹ್ನದ ಹೊತ್ತಿಗೆ ದುಡುಕಿ ನಾಲ್ಕು ಆಟ ಗೆದ್ದಿದ್ದಳು. ಐದನೆಯದೇ ಕೊನೆಯದು. ಎದುರಾಳಿ ಊರಿನ ಆ ತುದಿಯ ಶಾಲೆಯ ಉದ್ದ ಜಡೆಯ ಹುಡುಗಿ. ಅವಳೂ ನಾಲ್ಕು ಗೆದ್ದವಳೇ. ಯಾರು ಗೆಲ್ಲುತ್ತಾರೋ ಅವರ ಶಾಲೆಗೆ ಬಹುಮಾನದ ಕಪ್ಪು. ಆಟ ಒಂದು ಗಂಟೆ ದಾಟಿತು. ಆಯಮ್ಮ ಕಾಲು ಬದಲಿಸುವುದನ್ನೂ ಮರೆತು ನೋಡುತ್ತಿದ್ದಳು.

ಆಗ ಅದು ನಡೆಯಿತು. ಉದ್ದ ಜಡೆಯ ಹುಡುಗಿ ತನ್ನ ನಡೆ ಮುಗಿಸಿ, ತಲೆ ತಗ್ಗಿಸಿ ಕಾಗದದ ಮೇಲೆ ಬರೆದುಕೊಳ್ಳುತ್ತಿದ್ದಳು. ದುಡುಕಿಯ ಕೈ ಎಂದಿನಂತೆ ಚಿಮ್ಮಿ ಹೊರಗೆ ಬಂದು ಕುದುರೆಯ ತಲೆ ಹಿಡಿಯಿತು. ಕುದುರೆ ಒಂದಿಷ್ಟು ವಾಲಿತು. ಹಿಡಿದ ಕೈ ಅಲ್ಲೇ ನಿಂತಿತು. ಕುದುರೆಗೆ ಹಾರಲು ಇದ್ದದ್ದು ಎರಡೇ ಮನೆ. ಒಂದಕ್ಕೆ ಹೋದರೆ ಹೋದ ಕೂಡಲೇ ಸಾವು. ಇನ್ನೊಂದಕ್ಕೆ ಹೋದರೆ ಎದುರಾಳಿಯ ಆನೆಗೆ ಗುರಿಯಿಟ್ಟಂತೆ ಕಂಡರೂ ಎರಡು ನಡೆಯ ಆಚೆ ದುಡುಕಿಯ ಮಂತ್ರಿಗೇ ಆಪತ್ತು. ಹಗ್ಗದ ಈಚೆ ನಿಂತ ಆಯಮ್ಮನಿಗೆ ಅದು ಕಾಣುತ್ತಿತ್ತು. ದುಡುಕಿಗೂ ಆ ಗಳಿಗೆಯಲ್ಲಿ ಕಂಡಿತು. ಅವಳು ಕುದುರೆಯನ್ನು ಬಿಟ್ಟು, ಪಕ್ಕದ ಒಂಟೆಯನ್ನು ಎತ್ತಿ ನಡೆಸಿ, ಗಡಿಯಾರ ಒತ್ತಿದಳು.

ಒತ್ತಿದವಳು ತಲೆಯೆತ್ತಿದಳು. ನೇರ ಎದುರಿಗೆ ಆಯಮ್ಮನ ಕಣ್ಣು.

ಎಷ್ಟು ಹೊತ್ತು ಹಾಗೆ ನೋಡಿದರೋ, ಎರಡು ಉಸಿರಿನಷ್ಟು ಇರಬಹುದು. ಆಯಮ್ಮ ಮೊದಲು ಕಣ್ಣು ತಗ್ಗಿಸಿದಳು. ಎದುರಾಳಿ ಏನೂ ಹೇಳಲಿಲ್ಲ, ತೀರ್ಪುಗಾರರು ದೂರದಲ್ಲಿದ್ದರು, ಆಟ ಮುಂದುವರಿಯಿತು. ಇನ್ನು ಇಪ್ಪತ್ತು ನಡೆಗೆ ದುಡುಕಿ ಗೆದ್ದಳು.

ಸೋಮವಾರ ಬೆಳಿಗ್ಗೆ ಶಾಲೆಯ ಮಕ್ಕಳೆಲ್ಲರ ಮುಂದೆ ಹೆಡ್ ಮಿಸ್ ಕಪ್ಪನ್ನು ಎರಡೂ ಕೈಯಲ್ಲಿ ಎತ್ತಿ ತೋರಿಸಿದರು. ದುಡುಕಿಯನ್ನು ವೇದಿಕೆಗೆ ಕರೆದರು, ಮೇಷ್ಟ್ರನ್ನು ಕರೆದರು, ಮೇಷ್ಟ್ರು ಪಟ್ಟು ಹಿಡಿದದ್ದರಿಂದ ಆಯಮ್ಮನನ್ನೂ ಕರೆದರು. ಹದಿನಾಲ್ಕು ವರ್ಷ ಆ ವೇದಿಕೆ ಗುಡಿಸಿದ್ದಳು, ಅದರ ಮೇಲೆ ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು. ಚಪ್ಪಾಳೆ ಬಿದ್ದಾಗ ಅವಳು ಪಕ್ಕಕ್ಕೆ ನೋಡಿದಳು. ದುಡುಕಿ ತನ್ನ ಶೂ ತುದಿಯನ್ನೇ ನೋಡುತ್ತ ನಿಂತಿದ್ದಳು.

ಅವತ್ತು ಸಂಜೆ ದುಡುಕಿ ಬೋರ್ಡಿನ ಹತ್ತಿರ ಬರಲಿಲ್ಲ. ಹೊಟ್ಟೆನೋವು ಎಂದಳು. ಮರುದಿನ ತುಂಬ ಹೋಮ್‌ವರ್ಕ್ ಇದೆ ಎಂದಳು. ಮೂರನೆಯ ದಿನ ಏನೂ ಹೇಳದೆ ಗೇಟಿನ ಪಕ್ಕದ ಮೆಟ್ಟಿಲ ಮೇಲೆ ಒಬ್ಬಳೇ ಹೋಗಿ ಕೂತಳು. ಮಿಕ್ಕ ಮಕ್ಕಳು, ಕಪ್ ಬಂದಮೇಲೆ ಅವಳಿಗೆ ಜಂಬ ಬಂದಿದೆ ಎಂದು ಮೂಗು ಮುರಿದರು. ಆಯಮ್ಮ ಅವರ ಬಾಯಿ ಮುಚ್ಚಿಸಿದಳು. ಆದರೆ ಮೆಟ್ಟಿಲ ತನಕ ಹೋಗಲು ಅವಳಿಗೂ ಕಾಲು ಬರಲಿಲ್ಲ. ಹೋಗಿ ಏನು ಹೇಳುವುದು? ಮಕ್ಕಳನ್ನು ಆಡಿಸುತ್ತ ಮುಟ್ಟಿದ ಕಾಯಿ ನಡೆಸಬೇಕು ಎಂದು ಹೇಳಲು ಬಾಯಿ ತೆರೆದವಳು, ಅಂಗೈ ತೊಡೆಯ ಕೆಳಗೆ ಎಂದಷ್ಟೇ ಹೇಳಿ ಬಿಡುತ್ತಿದ್ದಳು. ಮೂರನೇ ತರಗತಿಯ ಒಬ್ಬ ಆನೆಯನ್ನು ಮುಟ್ಟಿ ಬಿಟ್ಟು ಸಿಪಾಯಿಯನ್ನು ನಡೆಸಿದ. ಎದುರಿಗಿದ್ದವನು ಆಯಮ್ಮನ ಮುಖ ನೋಡಿದ. ಅವಳು ಬೇರೆ ಕಡೆ ತಿರುಗಿಕೊಂಡಳು.

ಮೇಷ್ಟ್ರಿಗೆ ಹೇಳಿ ನೋಡಿದಳು. ಅವರು ಅಳೆದೂ ಸುರಿದೂ ಯೋಚಿಸಿ, ಆಗಿದ್ದು ಆಗಿಹೋಯಿತು, ಹುಡುಗಿ ಚಿಕ್ಕವಳು, ಈಗ ಎತ್ತಿ ಆಡಿದರೆ ಅವಳಿಗೇ ಅವಮಾನ ಎಂದರು. ಅದರಲ್ಲೂ ಸುಳ್ಳೇನಿರಲಿಲ್ಲ. ಭಾನುವಾರ ಅಣ್ಣನ ಅಂಗಡಿಗೆ ಹೋದಳು.

ಅಣ್ಣ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಒಂದು ಹಳೆಯ ಕೈಗಡಿಯಾರದ ಹೊಟ್ಟೆ ಬಗೆದು ಕೂತಿದ್ದ. ಅವಳು ಸ್ಟೂಲಿನ ಮೇಲೆ ಕೂತು ಎಲ್ಲವನ್ನೂ ಹೇಳಿದಳು. ಕುದುರೆ ಎಲ್ಲಿತ್ತು, ಒಂಟೆ ಎಲ್ಲಿತ್ತು, ಯಾರು ಎಲ್ಲಿ ನೋಡುತ್ತಿದ್ದರು. ಅವನು ಚಿಮಟ ಕೆಳಗಿಡಲಿಲ್ಲ.

"ನೋಡೋರು ಮಾತಾಡೋ ಹಾಗಿಲ್ಲ. ಅದೂ ರೂಲೇ. ನೀನು ಸುಮ್ಮನಿದ್ದದ್ದರಲ್ಲಿ ತಪ್ಪೇನಿಲ್ಲ" ಎಂದ.

"ಹಾಗಾದ್ರೆ ನನಗ್ಯಾಕೆ ಅನ್ನ ಇಳೀತಿಲ್ಲ ಅಣ್ಣಾ?"

"ರೂಲು ನೆನಪಾಗಿ ಸುಮ್ಮನಿದ್ದೆಯಾ?"

ಅಣ್ಣ ಒಂದು ಸಣ್ಣ ಚಕ್ರವನ್ನು ಅದರ ಜಾಗದಲ್ಲಿ ಕೂರಿಸಿ, ಗಾಜಿನ ಬಟ್ಟಲು ಮುಚ್ಚಿ, ಆಮೇಲೆ ಭೂತಗನ್ನಡಿ ತೆಗೆದ.

"ನೀನು ನೋಡಿದ್ದು ಆ ಮಗೂಗೆ ಗೊತ್ತು ಕಣೇ. ಅದು ಈಗ ಅಲ್ಲಿ ಒಂದೇ ಕೂತಿದೆ. ಮಿಕ್ಕಿದ್ದೆಲ್ಲ ಆಮೇಲೆ ನೋಡಿಕೋ."

ಮರುದಿನ ಸಂಜೆ ಆಯಮ್ಮ ಜಗಲಿಯನ್ನು ಮೇಷ್ಟ್ರಿಗೆ ಒಪ್ಪಿಸಿ, ಗೇಟಿನ ಹತ್ತಿರ ಹೋಗಿ, ದುಡುಕಿಯ ಪಕ್ಕದ ಮೆಟ್ಟಿಲ ಮೇಲೆ ಕೂತಳು. ಹುಡುಗಿ ಪುಸ್ತಕವನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿದಳು. ರಸ್ತೆಯಲ್ಲಿ ಒಂದು ಲಾರಿ, ಎರಡು ಸೈಕಲ್ಲು ಹೋದವು.

"ನಾನು ನೋಡಿದೆ" ಎಂದಳು ಆಯಮ್ಮ.

"ಗೊತ್ತು."

ಪುಸ್ತಕದ ಹಿಂದಿನಿಂದ ಇನ್ನೊಂದು ಮಾತು ಬಂತು. "ನೀವ್ಯಾಕೆ ಹೇಳಲಿಲ್ಲ?"

ನೋಡುವವರು ಮಾತಾಡುವಂತಿಲ್ಲ ಎಂಬ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದ್ದರೆ ಅಲ್ಲಿಗೇ ಮುಗಿದುಹೋಗುತ್ತಿತ್ತು, ಹುಡುಗಿ ನಂಬುತ್ತಲೂ ಇದ್ದಳು. ಆಯಮ್ಮ ತನ್ನ ಅಂಗೈಗಳನ್ನು ನೋಡಿಕೊಂಡಳು. ಫಿನಾಯಿಲು ತಾಗಿ ತಾಗಿ ಬಿರುಕು ಬಿಟ್ಟ ಕೈ.

"ಆಸೆ ಆಯ್ತು ಮಗಾ. ನಮ್ಮ ಜಗಲಿ ಮೇಲೆ ಕಲಿತ ಹುಡುಗಿ ಗೆದ್ದಳು ಅಂತ ಎಲ್ಲರೂ ಅನ್ನಲಿ ಅಂತ ಆಸೆ ಆಯ್ತು. ಮೈಕಿನಲ್ಲಿ ಹೇಳಿದ ರೂಲು ಆ ಹೊತ್ತಲ್ಲಿ ನನಗೆ ನೆನಪೂ ಇರಲಿಲ್ಲ."

ಹುಡುಗಿ ಪುಸ್ತಕ ಕೆಳಗಿಟ್ಟಳು. ಆಯಮ್ಮ ಬೈಯುತ್ತಾರೆ ಎಂದುಕೊಂಡೆ, ಬೈದಿದ್ದರೆ ಎಷ್ಟೋ ವಾಸಿಯಿತ್ತು ಎಂಬರ್ಥದ್ದೇನೋ ಹೇಳಿ ಅತ್ತಳು. ಆಯಮ್ಮ ಅಳಲು ಬಿಟ್ಟಳು. ಅತ್ತು ಮುಗಿದ ಮೇಲೆ ದುಡುಕಿ ಮೂಗು ಒರೆಸಿಕೊಂಡು, ಆ ಉದ್ದ ಜಡೆಯ ಹುಡುಗಿಗೆ ಹೇಳಬೇಕು ಎಂದಳು. ಹೇಳಿ ಆ ಆಟ ಮತ್ತೆ ಆಡಬೇಕು. ಎಲ್ಲಾ ಕಾಯಿ ಎಲ್ಲೆಲ್ಲಿತ್ತು ಅಂತ ನನಗೆ ಗೊತ್ತು ಎಂದಳು. ಗೊತ್ತಿರದೆ ಏನು, ಆ ಏಳು ದಿನ ಅವಳು ಬೇರೇನನ್ನೂ ನೋಡಿರಲಿಲ್ಲ.

ಆರು ಗಂಟೆಗೆ ನರ್ಸ್ ಬಂದಾಗ ಆಯಮ್ಮ ವಿಷಯ ಹೇಳಿದಳು. ನಿಂತು ನಿಂತು ಕಾಲು ಊದಿಸಿಕೊಂಡು ಬಂದಿದ್ದ ಆ ತಾಯಿ ಮೆಟ್ಟಿಲ ಮೇಲೆ ಕೂತು, ಚಪ್ಪಲಿ ಕಳಚಿ ಕೇಳಿಸಿಕೊಂಡರು. ಒಂದು ವಾರದಿಂದ ಮನೆಯಲ್ಲೂ ಮಾತಿಲ್ಲ, ಸ್ಕೂಲಿನಲ್ಲಿ ಯಾರೋ ಹೊಡೆದರು ಅಂದುಕೊಂಡಿದ್ದೆ ಎಂದರು. ಮಗಳ ತಲೆ ಒಮ್ಮೆ ಸವರಿದರು. "ಶನಿವಾರ ನನಗೆ ಡ್ಯೂಟಿ ಇದೆ ಅಕ್ಕಾ. ನೀವೇ ಕರಕೊಂಡು ಹೋಗಿ ಬನ್ನಿ."

ಶನಿವಾರ ಮಧ್ಯಾಹ್ನ ಇಬ್ಬರೂ ಎರಡು ಬಸ್ಸು ಬದಲಿಸಿ ಊರಿನ ಆ ತುದಿಗೆ ಹೋದರು. ಮೊದಲ ಬಸ್ಸು ಆಯಮ್ಮನ ಗಂಡನದೇ. ಕಪ್ ಗೆದ್ದ ಹುಡುಗಿ ಎಂದು ಅವನು ಚಾಲಕನ ಹಿಂದಿನ ಸೀಟು ಖಾಲಿ ಮಾಡಿಸಿ ಕೊಟ್ಟ. ದುಡುಕಿಗೆ ಅದೂ ಮುಳ್ಳಿನಂತೆ ಚುಚ್ಚಿತು. ನಿಂತೇ ಬಂದಳು.

ಆ ಶಾಲೆಯಲ್ಲಿ ಮಕ್ಕಳಿಗೆ ಚೆಸ್ ಹೇಳಿಕೊಡುತ್ತಿದ್ದವರು ನಿವೃತ್ತ ಪೋಸ್ಟ್ ಮಾಸ್ಟರು ಒಬ್ಬರು. ಒಂದು ಖಾಲಿ ತರಗತಿಯಲ್ಲಿ ಬೆಂಚುಗಳನ್ನು ಎದುರುಬದುರು ಎಳೆದು ಹತ್ತಾರು ಮಕ್ಕಳನ್ನು ಕೂರಿಸಿದ್ದರು. ಬಾಗಿಲಲ್ಲಿ ದುಡುಕಿಯನ್ನು ನೋಡಿದ ಕೂಡಲೇ ಉದ್ದ ಜಡೆಯ ಹುಡುಗಿ ಎದ್ದು ನಿಂತಳು. ಆಯಮ್ಮ ಪೋಸ್ಟ್ ಮಾಸ್ಟರಿಗೆ ಎರಡು ಮಾತಿನಲ್ಲಿ ಸಂಗತಿ ತಿಳಿಸಿ ಹಿಂದೆ ಸರಿದಳು. ಮುಂದಿನದನ್ನು ದುಡುಕಿಯೇ ಹೇಳಬೇಕಿತ್ತು. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಹೇಳಿಕೊಂಡು ಬಂದದ್ದೆಲ್ಲ ಮರೆತುಹೋಗಿ, ಅವಳು ಒಂದೇ ಉಸಿರಿಗೆ, "ನಾನು ಕುದುರೆ ಮುಟ್ಟಿದ್ದೆ. ನೀನು ಬರೀತಿದ್ದೆ. ಮುಟ್ಟಿ ಬಿಟ್ಟೆ" ಎಂದಳು.

ಉದ್ದ ಜಡೆಯ ಹುಡುಗಿ ಪೋಸ್ಟ್ ಮಾಸ್ಟರ ಮುಖ ನೋಡಿದಳು, ನೆಲ ನೋಡಿದಳು.

"ನಾನೂ ನೋಡಿದ್ದೆ" ಎಂದಳು.

ಪೋಸ್ಟ್ ಮಾಸ್ಟರು ಕನ್ನಡಕ ಮೇಲೇರಿಸಿ, ನೋಡಿದ್ದರೆ ಯಾಕೆ ಕೈಯೆತ್ತಿ ಹೇಳಲಿಲ್ಲ ಎಂದು ಕೇಳಿದರು. ಹುಡುಗಿ ಜಡೆಯ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಕುದುರೆ ನಡೆಸಿದ್ರೆ ನನ್ನ ಆನೆ ಹೋಗುತ್ತೆ ಅಂದ್ಕೊಂಡೆ ಸಾರ್. ಒಂಟೆ ನಡೆಸಿದ್ರೆ ನನಗೇ ಒಳ್ಳೇದು ಅಂತ ಸುಮ್ಮನಿದ್ದೆ."

ದುಡುಕಿ ಬಾಯಿ ತೆರೆದು ಹಾಗೇ ನಿಂತಳು. ಆಮೇಲೆ ಅವಳ ಮೂಗಿನಿಂದ ಪುಸಕ್ಕನೆ ಒಂದು ನಗು ಹೊರಬಿತ್ತು. ಜಡೆಯವಳೂ ನಕ್ಕಳು. ನಗು ಹತ್ತಿಕೊಂಡು ಇಡೀ ಕೋಣೆಗೆ ಹರಡಿತು. ಎರಡು ವಾರದಿಂದ ಎದೆಯ ಮೇಲೆ ಕಲ್ಲು ಹೊತ್ತು ತಿರುಗಿದ ಹುಡುಗಿ ಹೊಟ್ಟೆ ಹಿಡಿದುಕೊಂಡು ನಗುವುದನ್ನು ನೋಡುತ್ತ ಆಯಮ್ಮ ಬಾಗಿಲಿಗೆ ಒರಗಿದಳು. ಅವಳಿಗೆ ನಗು ಬರಲಿಲ್ಲ. ಆ ದಿನ ಆ ಮೇಜಿನ ಸುತ್ತ ಬಾಯಿ ಮುಚ್ಚಿಕೊಂಡಿದ್ದವಳು ತಾನೊಬ್ಬಳೇ ಎಂದುಕೊಂಡಿದ್ದಳು. ಅಲ್ಲ ಎಂದು ತಿಳಿದಾಗ ಹಗುರವಾಗಬೇಕಿತ್ತು. ಮಕ್ಕಳಿಬ್ಬರೂ ಆಡುತ್ತಿದ್ದವರು, ಹನ್ನೊಂದು ವರ್ಷದವರು. ತನಗೆ ಐವತ್ತೆರಡು. ಈ ವ್ಯತ್ಯಾಸವನ್ನು ಅವಳು ಬಹಳ ದಿನ ಮನಸ್ಸಿನಲ್ಲೇ ತಿರುವಿ ಹಾಕಿದಳು.

ಹುಡುಗಿಯರು ಅಷ್ಟರಲ್ಲಿ ಬೋರ್ಡು ಜೋಡಿಸಿಯಾಗಿತ್ತು. ಇಬ್ಬರಿಗೂ ಪ್ರತಿ ಕಾಯಿಯೂ ನೆನಪಿತ್ತು. ಒಂದು ಸಿಪಾಯಿಯ ವಿಷಯಕ್ಕೆ ಮಾತ್ರ ತಕರಾರು ಬಂದು ಬಗೆಹರಿಯಿತು. ದುಡುಕಿ ಕುದುರೆಯನ್ನು ಎತ್ತಿ, ಎರಡನೆಯ ಮನೆಗೆ ಹಾರಿಸಿ, ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡಳು. ಎದುರಿಗಿದ್ದವಳು ಅದನ್ನು ನೋಡಿ ತಾನೂ ಹಾಗೇ ಇಟ್ಟುಕೊಂಡಳು. ಜಡೆಯವಳು ಬಹಳ ಹೊತ್ತು ಆನೆಯನ್ನೇ ನೋಡಿದಳು. ಪೋಸ್ಟ್ ಮಾಸ್ಟರು ಆಯಮ್ಮನಿಗೆ ಟೀ ತರಿಸಿಕೊಟ್ಟು ತಾವೂ ನಿಂತು ನೋಡಿದರು. ಕೊನೆಗೆ ಹುಡುಗಿಯ ಕಣ್ಣು ಆನೆಯನ್ನು ಬಿಟ್ಟು ಬೋರ್ಡಿನ ಇನ್ನೊಂದು ಮೂಲೆಗೆ ಸರಿಯಿತು. ಅವಳ ಹುಬ್ಬು ಮೇಲೆದ್ದದ್ದನ್ನು ನೋಡಿ ಆಯಮ್ಮನಿಗೆ ಗೊತ್ತಾಯಿತು, ಕಂಡಿತು ಎಂದು. ಎರಡು ನಡೆಗೆ ದುಡುಕಿಯ ಮಂತ್ರಿ ಹೋಯಿತು. ಇನ್ನು ಅರ್ಧ ಗಂಟೆಗೆ ಆಟವೂ ಹೋಯಿತು. ದುಡುಕಿ ಕೈ ಚಾಚಿದಳು. ಕೈ ಕುಲುಕಿದ ಮೇಲೂ ಇಬ್ಬರೂ ಏಳಲಿಲ್ಲ. ಒಂಟೆಯ ಬದಲು ಸಿಪಾಯಿ ತಳ್ಳಿದ್ದರೆ ಏನಾಗುತ್ತಿತ್ತು ಎಂದು ಕತ್ತಲಾಗುವ ತನಕ ಕಾಯಿಗಳನ್ನು ಹಿಂದೆ ಮುಂದೆ ಮಾಡುತ್ತಲೇ ಇದ್ದರು. ಆಯಮ್ಮ ಕೊನೆಗೆ ಬಸ್ಸಿನ ಹೆಸರು ಹೇಳಿ ಎಬ್ಬಿಸಬೇಕಾಯಿತು.

ಇಷ್ಟಕ್ಕೇ ಮುಗಿಯಲಿಲ್ಲ. ಸೋಮವಾರ ದುಡುಕಿ ಯಾರಿಗೂ ಹೇಳದೆ ಹೆಡ್ ಮಿಸ್ಸಿನ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿಬಿಟ್ಟಳು. ಹೆಡ್ ಮಿಸ್ ಪಂದ್ಯಾವಳಿ ನಡೆಸಿದವರಿಗೆ ಪತ್ರ ಬರೆದರು. ಆಟ ಮುಗಿದು ಇಬ್ಬರೂ ಸಹಿ ಹಾಕಿದ ಮೇಲೆ ಫಲಿತಾಂಶ ಬದಲಾಗುವುದಿಲ್ಲ, ಕಪ್ಪು ನಿಮ್ಮಲ್ಲೇ ಇರಲಿ ಎಂದು ಉತ್ತರ ಬಂತು. ಅದಾದ ಮೇಲೆ ಆಯಮ್ಮನನ್ನು ಕರೆಸಿದರು. ಅವರು ಕೂಗಾಡುವ ಪೈಕಿಯವರಲ್ಲ.

"ನೋಡಿ ಆಯಮ್ಮ, ಮಗು ಮಾಡಿದ್ದು ನನಗೆ ಬೇಜಾರಿಲ್ಲ. ನೀವು ಲೆಕ್ಕದ ಮೇಷ್ಟ್ರಿಗೆ ಹೇಳಿದಿರಿ, ಆ ಶಾಲೆಗೆ ಹೋಗಿ ಹೇಳಿದಿರಿ. ನನ್ನ ಬಾಗಿಲು ದಿನಾ ತೆಗೆಯೋರು ನೀವು, ನನಗೆ ಮಾತ್ರ ಹೇಳಲಿಲ್ಲ."

ಹೇಳಲಿಲ್ಲ ಎಂಬುದು ನಿಜ. ವೇದಿಕೆಯ ಮೇಲೆ ಕುರ್ಚಿ ಹಾಕಿಸಿದವರ ಮುಂದೆ ಹೋಗಿ ಹೇಳಲು ನಾಚಿಕೆಯಾಗಿತ್ತು. ಆಯಮ್ಮ ಹಾಗೆಂದೇ ಹೇಳಿದಳು. ಹೆಡ್ ಮಿಸ್ ಕಪಾಟಿನ ಕೀಲಿ ವಾಪಸ್ಸು ಇಟ್ಟುಕೊಂಡರು. ಸಂಜೆ ತರಗತಿ ಸದ್ಯಕ್ಕೆ ಬೇಡ ಎಂದರು.

ಮೂರು ವಾರ ಜಗಲಿ ಹಳೆಯ ಜಗಲಿಯಾಯಿತು. ಬ್ಯಾಗುಗಳು ಹಾರಿದವು, ಒಬ್ಬನ ಹಲ್ಲು ಮುರಿಯಿತು. ಬಾಟಲಿ ಮುಚ್ಚಳಗಳಿದ್ದವು, ಸೀಮೆಸುಣ್ಣವಿತ್ತು. ಆದರೆ ಬೇಡ ಎಂದ ಮೇಲೆ ಬೇಡ ಎಂದು ಆಯಮ್ಮ ಕೈಕಟ್ಟಿ ಕೂತಳು. ನಾಲ್ಕನೆಯ ವಾರ ಹೆಡ್ ಮಿಸ್ಸೇ ಹೊರಗೆ ಬಂದು ಕೀಲಿಯನ್ನು ಅವಳ ಕೈಯಲ್ಲಿಟ್ಟರು. "ಶುರು ಮಾಡಿ. ಈ ಗಲಾಟೆಯಲ್ಲಿ ಒಂದು ಕಾಗದ ಬರೆಯೋಕಾಗ್ತಿಲ್ಲ ನನಗೆ" ಎಂದಷ್ಟೇ ಹೇಳಿ ಒಳಗೆ ಹೋದರು. ಅವರಿಬ್ಬರ ನಡುವೆ ಆ ವಿಷಯ ಮತ್ತೆ ಬರಲಿಲ್ಲ. ಕಪ್ಪು ಗಾಜಿನ ಬೀರುವಿನಲ್ಲಿತ್ತು. ವಾರಕ್ಕೊಮ್ಮೆ ಬೇರೆ ಕಪ್ಪುಗಳ ಜೊತೆ ಅದರ ಧೂಳನ್ನೂ ಆಯಮ್ಮ ಒರೆಸುತ್ತಿದ್ದಳು.

ಉದ್ದ ಜಡೆಯವಳು ಮುಂದೆ ದೊಡ್ಡ ದೊಡ್ಡ ಪಂದ್ಯಗಳಿಗೆ ಹೋದಳು. ದುಡುಕಿ ಹೈಸ್ಕೂಲಿಗೆ ಬಂದಮೇಲೆ ಸ್ಪರ್ಧೆ ಬಿಟ್ಟಳು, ಓಟಕ್ಕೆ ಸೇರಿದಳು. ಬೇಸರದಿಂದಲ್ಲ, ಅವಳಿಗೆ ಅಷ್ಟು ಹೊತ್ತು ಒಂದೇ ಕಡೆ ಕೂರಲು ಕೊನೆಗೂ ಆಗಲಿಲ್ಲ. ಆದರೆ ಇಬ್ಬರ ಗೆಳೆತನ ಬಿಡಲಿಲ್ಲ. ತಿಂಗಳಿಗೊಂದು ಶನಿವಾರ ಎರಡು ಶಾಲೆಯ ಮಕ್ಕಳೂ ಸೇರಿ ಆಡುವುದು ಆಗಿನಿಂದ ನಡೆದುಬಂತು. ಪೋಸ್ಟ್ ಮಾಸ್ಟರಿಗೂ ಆಯಮ್ಮನಿಗೂ ಆ ಶನಿವಾರಗಳಲ್ಲಿ ಒಂದು ಆಟ ಇದ್ದೇ ಇರುತ್ತಿತ್ತು. ಅವರು ಸೋತರೆ ಗಾಳಿ ಸರಿಯಿಲ್ಲ, ಬೆಳಕು ಸರಿಯಿಲ್ಲ ಎನ್ನುವ ಜಾತಿಯವರು.

ಆಯಮ್ಮನ ಕೆಲಸ ಮುಗಿಯಲು ಎರಡು ವರ್ಷ ಇದ್ದಾಗ, ಕಾಲೇಜು ಸೇರಿದ್ದ ಹುಡುಗಿಯರಿಬ್ಬರೂ ಸೇರಿಕೊಂಡು ಅವಳಿಗೆ ಗೊತ್ತಿಲ್ಲದಂತೆ ಒಂದು ಪಂದ್ಯಾವಳಿಗೆ ಅವಳ ಹೆಸರು ಕೊಟ್ಟರು. ವಯಸ್ಸಿನ ಹಂಗಿಲ್ಲದ, ಯಾರು ಬೇಕಾದರೂ ಆಡಬಹುದಾದ ಪಂದ್ಯ. ಅವಳು ಬರುವುದೇ ಇಲ್ಲ ಎಂದು ಎರಡು ದಿನ ಹಟ ಮಾಡಿ, ಮೂರನೆಯ ದಿನ ಹೋದಳು. ಹಗ್ಗದ ಒಳಗೆ ಕೂತದ್ದು ಅದೇ ಮೊದಲು. ಗಡಿಯಾರ ಒತ್ತುವುದನ್ನು ಎರಡು ಸಲ ಮರೆತಳು. ಐದು ಆಟದಲ್ಲಿ ಮೂರು ಸೋತು, ಒಂದು ಸಮ ಮಾಡಿ, ಒಂದು ಗೆದ್ದಳು. ಗೆದ್ದದ್ದು ಬ್ಯಾಂಕಿನ ಮ್ಯಾನೇಜರ್ ಒಬ್ಬರ ಮೇಲೆ. ಅವರು ಯಾವ ಕ್ಲಬ್ಬಿನವರು ತಾವು ಎಂದು ಬಹುವಚನದಲ್ಲಿ ಕೇಳಿದರು. ಆಯಮ್ಮ ಸ್ವಲ್ಪ ಯೋಚಿಸಿ, ಶಾಲೆಯ ಹೆಸರು ಹೇಳಿದಳು.

ಸಂಜೆ ಗಂಡನ ಬಸ್ಸಿನಲ್ಲೇ ಮನೆಗೆ ಹೊರಟಳು. ಜನ ಕಡಿಮೆಯಿದ್ದರು. ಅವನು ಬಂದು ಪಕ್ಕದಲ್ಲಿ ಕೂತು ಏನಾಯಿತು ಎಂದು ಕೇಳಿದ. ಅವಳು ಗೆದ್ದದ್ದನ್ನು ಒಂದೇ ಮಾತಿನಲ್ಲಿ ಹೇಳಿ, ಸೋತ ಎರಡನೆಯ ಆಟ ಶುರುಮಾಡಿದಳು. ಆನೆ ಇಲ್ಲಿತ್ತು, ನನ್ನ ರಾಜ ಇಲ್ಲಿದ್ದ, ಅವನು ಸಿಪಾಯಿ ತಳ್ಳಿದ, ಆಗ ನಾನು ಒಂದು ನಿಮಿಷ ತಡೆದಿದ್ದರೆ ಎಂದು ಸೀಟಿನ ಬೆನ್ನಿನ ಮೇಲೆ ಬೆರಳಿನಿಂದ ಮನೆಗಳನ್ನು ಬರೆದು ತೋರಿಸಿದಳು. ಅವನಿಗೆ ಕುದುರೆ ಯಾಕೆ ನೆಟ್ಟಗೆ ನಡೆಯುವುದಿಲ್ಲ ಎಂಬುದು ಇನ್ನೂ ತಿಳಿದಿರಲಿಲ್ಲ. ಆದರೂ ಟಿಕೆಟ್ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಹೂಂಗುಟ್ಟುತ್ತ ಕೇಳಿದ. ಎರಡು ಸ್ಟಾಪಿನಲ್ಲಿ ಸೀಟಿ ಊದುವುದನ್ನು ಮರೆತು ಇಳಿಯುವವರಿಂದ ಬೈಸಿಕೊಂಡ.